ಮಾವನ ಮೂವತ್ತೆರಡು ಹಲ್ಲು

ಸುಳ್ಳು ಹೇಳಬೇಕಾದರೆ ಬಾಯಿ ತೆರೆಯಲೇಬೇಕು ಎಂದು ತಿಳಿದವರು ಅಂಟಣ್ಣನ ಕಥೆ ಕೇಳಬೇಕು. ಅವನು ಜೀವಮಾನದಲ್ಲಿ ಹೇಳಿದ ಒಂದೇ ಒಂದು ದೊಡ್ಡ ಸುಳ್ಳನ್ನು ಬಾಯಿ ಮುಚ್ಚಿಕೊಂಡೇ ಹೇಳಿದ್ದು.

ಹನ್ನೊಂದು ವರ್ಷದ ಹಿಂದೆ, ಮದುವೆಯ ಮಾತುಕತೆಯ ದಿನ, ಮಾವನಾಗಲಿದ್ದವರು "ಕೆಲಸ ಎಲ್ಲಿ?" ಎಂದು ಕೇಳಿದರು. "ಹಲ್ಲಿನ ಕಾಲೇಜಿನಲ್ಲಿ" ಎಂದ ಅಂಟಣ್ಣ. ಇದು ಅಕ್ಷರಶಃ ನಿಜ. "ಓಹೋ, ಡಾಕ್ಟರು!" ಎಂದರು ಅವರು. ಆ ಹೊತ್ತಿಗೆ ಅಂಟಣ್ಣನ ಬಾಯಿತುಂಬ ಸುಡುವ ಚಹಾ ಇತ್ತು. ಅದನ್ನು ನುಂಗಿ, ನಾಲಿಗೆ ಸುಟ್ಟುಕೊಂಡು, "ಹಾಗಲ್ಲ..." ಎನ್ನುವಷ್ಟರಲ್ಲಿ ಸುದ್ದಿ ಅಡುಗೆಮನೆ ಹೊಕ್ಕು, ಹಿಂಬಾಗಿಲಿನಿಂದ ಹೊರಬಿದ್ದು, ಪಕ್ಕದ ಮನೆಯ ಮಹಡಿ ಹತ್ತಿಬಿಟ್ಟಿತ್ತು.

ಆಮೇಲಾದರೂ ತಿದ್ದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಹುದಿತ್ತು. ಹನ್ನೊಂದು ವರ್ಷ ಸಮಯ ಇತ್ತು. ಆದರೆ ಮಾವ ಅವನನ್ನು "ಅಳಿಯಂದ್ರೇ" ಎಂದು ಕರೆಯುತ್ತಿದ್ದರು, ಅವನು ಬಂದರೆ ತಾವು ಕೂತ ಕುರ್ಚಿ ಬಿಟ್ಟು ಏಳುತ್ತಿದ್ದರು. ಹುಟ್ಟಿದಾಗಿನಿಂದ ಅಂಟಣ್ಣನಿಗಾಗಿ ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಬಸ್ಸಿನಲ್ಲಂತೂ ಅವನೇ ಎಲ್ಲರಿಗೂ ಎದ್ದುಕೊಡುವವನು. ಆ ಒಂದು ಕುರ್ಚಿಯ ಆಸೆಗೆ ಅವನು ಈ ವರ್ಷ ಹೇಳೋಣ, ಮುಂದಿನ ವರ್ಷ ಹೇಳೋಣ ಎಂದು ತಳ್ಳಿಕೊಂಡು ಬಂದ.

ಹಾಗಾದರೆ ಅವನ ಕೆಲಸವೇನು? ಆ ಕಾಲೇಜಿನ ನೆಲಮಾಳಿಗೆಯಲ್ಲಿ ಒಂದು ಪರೀಕ್ಷೆಯ ಕೋಣೆ ಇದೆ. ಹಲ್ಲಿಗೆ ಹಚ್ಚುವ ಅಂಟುಗಳು ಎಷ್ಟು ಗಟ್ಟಿಯಾಗಿ ಹಿಡಿಯುತ್ತವೆ ಎಂದು ಅಲ್ಲಿ ನೋಡುತ್ತಾರೆ. ಕಿತ್ತ ಹಲ್ಲುಗಳು ಬಾಟಲಿಗಳಲ್ಲಿ ಬರುತ್ತವೆ. ಅಂಟಣ್ಣ ಅವನ್ನು ತೊಳೆದು ಒಂದೊಂದನ್ನೂ ಪ್ಲಾಸ್ಟರಿನ ಗಟ್ಟಿಯಲ್ಲಿ ನಿಲ್ಲಿಸುತ್ತಾನೆ. ಹಲ್ಲಿನ ಮೇಲ್ಪದರಕ್ಕೆ, ಅಂದರೆ ಎನಾಮಲ್‌ಗೆ, ನೀಲಿ ಬಣ್ಣದ ಆಸಿಡ್ ಜೆಲ್ ಹಚ್ಚಿ ಅರ್ಧ ನಿಮಿಷ ಕಾಯುತ್ತಾನೆ. ತೊಳೆದು ಒಣಗಿಸಿದರೆ ಹೊಳಪೆಲ್ಲ ಹೋಗಿ ಆ ಜಾಗ ಸೀಮೆಸುಣ್ಣದಂತೆ ಬೆಳ್ಳಗಾಗುತ್ತದೆ. ಹಾಗೆ ಬೆಳ್ಳಗಾದರೆ ಅಂಟು ಹಿಡಿಯಿತೆಂದೇ ಲೆಕ್ಕ. ಅದರ ಮೇಲೆ ಪುಟ್ಟ ಲೋಹದ ಬಿಲ್ಲೆ ಅಂಟಿಸಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ಯಂತ್ರಕ್ಕೆ ಕೊಡುತ್ತಾನೆ. ಯಂತ್ರ ಬಿಲ್ಲೆಯನ್ನು ಮೆಲ್ಲಗೆ ನೂಕುತ್ತಾ ಹೋಗುತ್ತದೆ. 'ಟಕ್' ಎಂದು ಕಿತ್ತುಬಂದಾಗ ಪರದೆಯ ಮೇಲಿರುವ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಹದಿನಾಲ್ಕು ವರ್ಷದಲ್ಲಿ ಏಳು ಸಾವಿರ ಹಲ್ಲು. ಒಂದು ಅಂಕಿಯನ್ನೂ ಅಂದಾಜಿನ ಮೇಲೆ ಬರೆದವನಲ್ಲ. ಕೋಣೆಯವರೆಲ್ಲ ಅವನನ್ನು ಅಂಟಣ್ಣ ಎನ್ನುತ್ತಾರೆ, ಮನೆಯ ಬೀದಿಯವರೆಲ್ಲ ಡಾಕ್ಟ್ರೇ ಎನ್ನುತ್ತಾರೆ. ಜೀವಂತ ಮನುಷ್ಯನ ಬಾಯಿಗೆ ಮಾತ್ರ ಅವನು ಎಂದೂ ಕೈ ಹಾಕಿರಲಿಲ್ಲ.

ಇಷ್ಟು ತಿಳಿದುಕೊಂಡರೆ ಆ ಶನಿವಾರದ ಕಥೆಗೆ ಬರಬಹುದು.

ಶನಿವಾರ ಮಧ್ಯಾಹ್ನ ಮಾವ ಬಂದಿಳಿದರು, ಹಿಂದೆ ಚೀಲ ಹೊತ್ತ ಅತ್ತೆ. ಮಾವನಿಗೆ ಎಪ್ಪತ್ತೆರಡು. ಅವರ ವಯಸ್ಸಿಗಿಂತ ಅವರ ಹಲ್ಲಿನ ಸುದ್ದಿ ಹೆಚ್ಚು ಜನಕ್ಕೆ ಗೊತ್ತು. "ಮೂವತ್ತೆರಡು! ಒಂದೂ ಅಲ್ಲಾಡಿಲ್ಲ, ಒಂದೂ ಹುಳ ಹಿಡಿದಿಲ್ಲ, ಎಲ್ಲಾ ಸ್ವಂತದ್ದು!" ಎಂದು ಅವರು ಹೇಳಿಕೊಳ್ಳದ ಮನೆಯಿಲ್ಲ, ಬಸ್ಸಿಲ್ಲ, ಆಸ್ಪತ್ರೆಯ ಸಾಲಿಲ್ಲ. ಅತ್ತೆ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಆ ಮನೆಯಲ್ಲಿ ಮಾತಾಡುವ ಕೆಲಸ ಮಾವನದು, ಕೇಳುವ ಕೆಲಸ ಅತ್ತೆಯದು ಎಂದು ಬಹಳ ಹಿಂದೆಯೇ ಹಂಚಿಕೆಯಾಗಿತ್ತು.

"ಅಳಿಯಂದ್ರೇ, ನಾಳೆ ನಾಲ್ಕು ಗಂಟೆಗೆ ನಿಮ್ಮ ಬೀದಿಯ ಹಿರಿಯರ ಸಂಘದಲ್ಲಿ ನನಗೆ ಕಪ್ ಕೊಡ್ತಾರಂತೆ! ಬೀದಿಯೋರ ನೆಂಟರೂ ಸೇರಬಹುದಂತೆ! ಅತ್ಯುತ್ತಮ ಹಲ್ಲಿನ ಹಿರಿಯ ಅಂತ!"

ಅಂಟಣ್ಣ ಸಂತೋಷಪಟ್ಟ. ಮನಸಾರೆ ಸಂತೋಷಪಟ್ಟ. ಆ ಸಂತೋಷ ಸುಮಾರು ನಾಲ್ಕು ನಿಮಿಷ ಬಾಳಿತು. ಅಷ್ಟರಲ್ಲಿ ಮೇಲಿನ ಮನೆಯಿಂದ ಸಂಘದ ಕಾರ್ಯದರ್ಶಿಗಳು ಮೆಟ್ಟಿಲಿಳಿದು ಬಂದರು. ಇವರು ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಇದ್ದು ನಿವೃತ್ತರಾದವರು. ಫಾರಂ ಇಲ್ಲದೆ ಯಾವುದನ್ನೂ ನಂಬುವವರಲ್ಲ. ಕೈಯಲ್ಲಿ ಒಂದು ಫಾರಂ ಇತ್ತು.

"ಡಾಕ್ಟ್ರೇ, ಕಳೆದ ವರ್ಷ ಕಪ್ ತಗೊಂಡೋರು ಹಲ್ಲಿನ ಸೆಟ್ಟು ಕಟ್ಟಿಸ್ಕೊಂಡಿದ್ರು. ವೇದಿಕೆ ಮೇಲೇ ಕಳಚಿ ಬಿತ್ತು. ಮಾನ ಹೋಯ್ತು. ಈ ಸಲ ಡಾಕ್ಟ್ರ ಸರ್ಟಿಫಿಕೇಟು ಕಡ್ಡಾಯ. ನಾನಂದೆ, ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಯಾಕೆ ಅಲೀಬೇಕು? ಮನೇಲೇ ನೀವಿದೀರಿ."

ಫಾರಮಿನಲ್ಲಿ ಅಚ್ಚಾಗಿತ್ತು: 'ಮೇಲ್ಕಂಡವರ ಮೂವತ್ತೆರಡೂ ಹಲ್ಲುಗಳು ಸ್ವಂತದವೆಂದು ಪರೀಕ್ಷಿಸಿ ದೃಢೀಕರಿಸುತ್ತೇನೆ.' ಕೆಳಗೆ 'ಡಾ.' ಎಂದು ಬರೆದು ಒಂದು ಉದ್ದ ಗೆರೆ, ಪಕ್ಕದಲ್ಲಿ ಮೊಹರಿಗೆ ಒಂದು ಚೌಕ.

"ಮೊಹರು ಕಾಲೇಜಲ್ಲಿದೆ" ಎಂದ ಅಂಟಣ್ಣ. ಇದೂ ನಿಜವೇ. ಕಾಲೇಜಿನಲ್ಲಿ ಎಷ್ಟೋ ಮೊಹರುಗಳಿದ್ದವು.

"ಪರವಾಗಿಲ್ಲ, ನಾಳೆ ವೇದಿಕೆ ಮೇಲೇ ಎಲ್ಲರ ಎದುರು ಸಹಿ ಹಾಕೋರಂತೆ. ಅದಕ್ಕೊಂದು ಗತ್ತು ಇರುತ್ತೆ" ಎಂದು ಕಾರ್ಯದರ್ಶಿಗಳು ಫಾರಂ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಅಡುಗೆಮನೆಯಲ್ಲಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮದುವೆಯಾದ ಮೂರನೇ ದಿನವೇ ಅವಳಿಗೆ ಗಂಡನ ಕೆಲಸ ಗೊತ್ತಾಗಿತ್ತು. ಅವತ್ತು ನಕ್ಕು ಸುಮ್ಮನಾಗಿದ್ದಳು, ಇವತ್ತು ನಗಲಿಲ್ಲ.

"ಅಪ್ಪಂಗೆ ಹೇಳಿಬಿಡಿ."

"ಊಟ ಆದ್ಮೇಲೆ ಹೇಳ್ತೀನಿ."

"ಊಟ ಆಯ್ತು."

"ಮಲಗಿದಾರೆ."

"ಎದ್ರು."

"ಈಗ ತಾನೇ ಎದ್ದಿದಾರೆ, ಪಾಪ."

"ರೀ, ಆ ಕಾಗದಕ್ಕೆ ಸಹಿ ಹಾಕಿದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು. ಕಾಲೇಜಿಗೆ ಸುದ್ದಿ ಹೋದ್ರೆ ಕೆಲಸ ಹೋಗುತ್ತೆ."

"ಹಾಕದಿದ್ರೆ?"

"ಕುರ್ಚಿ ಹೋಗುತ್ತೆ" ಎಂದ ಅಂಟಣ್ಣ. ಅವನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಆದರೂ ಪಾತ್ರೆಯನ್ನು ಮಾತ್ರ ಜೋರಾಗಿಯೇ ಕುಕ್ಕಿದಳು.

ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಗಳು ಕ್ಯಾಮೆರಾ ಹಿಡಿದು ಬಂದರು. ಸಂಘದ ಗೋಡೆಗೆ ಒಂದು ಫೋಟೋ ಬೇಕಂತೆ. ಸುಮ್ಮನೆ ಹಲ್ಲು ಕಿರಿದರೆ ಫೋಟೋಗೆ ಕಳೆಯಿರುವುದಿಲ್ಲ ಎಂದು ಮಾವನೇ ಉಪಾಯ ಹೇಳಿದರು. ಒಂದು ಸೋಡಾ ಬಾಟಲಿ ತರಿಸಿ, ಅದರ ತಗಡಿನ ಮುಚ್ಚಳವನ್ನು ಹಲ್ಲಿನಲ್ಲೇ ತೆಗೆಯುವುದು. ಇದು ಅವರಿಗೆ ಹೊಸತಲ್ಲ. ದವಡೆಯಲ್ಲಿ ಎಷ್ಟೋ ಬಾಟಲಿ ತೆಗೆದಿದ್ದರು.

"ದವಡೆ ಹಲ್ಲು ಫೋಟೋಲಿ ಕಾಣಲ್ಲ. ಸ್ವಲ್ಪ ಮುಂದೆ ತಗೊಳ್ಳಿ" ಎಂದರು ಕಾರ್ಯದರ್ಶಿಗಳು.

ಮಾವ ಮುಂದೆ ತಗೊಂಡರು. "ಇನ್ನೂ ಸ್ವಲ್ಪ" ಎಂದರು ಕಾರ್ಯದರ್ಶಿಗಳು. ಇನ್ನೂ ಸ್ವಲ್ಪ ತಗೊಂಡರು. ಕ್ಯಾಮೆರಾ 'ಕ್ಲಿಕ್' ಎಂದಿತು, ಅದರ ಜೊತೆಗೇ ಇನ್ನೊಂದು ಏನೋ 'ಕಟ್' ಎಂದಿತು. ಬಾಟಲಿಯ ಮುಚ್ಚಳ ಇದ್ದಲ್ಲೇ ಇತ್ತು. ಮಾವನ ಮೇಲಿನ ಸಾಲಿನ ಮುಂದಿನ ಹಲ್ಲು ಅರ್ಧವಾಗಿ, ಉಳಿದರ್ಧ ಅವರ ಅಂಗೈಯಲ್ಲಿತ್ತು.

ಮಾವನ ಮುಖ ಬಿಳುಚಿಕೊಂಡಿತು. ಆಮೇಲೆ ಅವರು ತಲೆಯೆತ್ತಿ, ಅರ್ಧ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತಾ ಧೈರ್ಯವಾಗಿ ಹೇಳಿದರು: "ಭಯ ಯಾಕೆ? ಮನೇಲಿ ಡಾಕ್ಟ್ರಿಲ್ವಾ!"

ಎಲ್ಲರೂ ಅಂಟಣ್ಣನ ಕಡೆ ತಿರುಗಿದರು.

ಅಂಟಣ್ಣನ ಬಾಯಿಂದ ತಾನಾಗಿ ಬಂದ ಮಾತು ಒಂದೇ. "ಚೂರನ್ನ ನೀರಲ್ಲಿ ಹಾಕಿ, ಒಣಗಬಾರದು." ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತದು. ಆದರೆ ಕಾರ್ಯದರ್ಶಿಗಳು ಬೆರಗಾಗಿ, "ನೋಡಿ, ನೋಡಿ! ಗಾಬರಿ ಅನ್ನೋದಿಲ್ಲ. ಡಾಕ್ಟ್ರು ಅಂದ್ರೆ ಹೀಗಿರಬೇಕು" ಎಂದರು. ಅತ್ತೆ ಒಂದು ಲೋಟದಲ್ಲಿ ನೀರು ತಂದರು. ಹೆಂಡತಿ ಕಣ್ಣಲ್ಲೇ 'ಈಗ ಹೇಳಿ' ಎಂದಳು. ಅಂಟಣ್ಣ ಬಾಯಿ ತೆರೆದ. ಮಾವ ಅವನ ತೋಳು ಹಿಡಿದು ಆಟೋಗೆ ಎಳೆದುಕೊಂಡು ಹೋದರು.

ಆಟೋದಲ್ಲಿ ಮಾವ ಬಾಯಿಗೆ ಅಂಟಣ್ಣನ ಕರ್ಚೀಫು ಒತ್ತಿಕೊಂಡು ಕೂತರು, ಅತ್ತೆ ಲೋಟ ತುಳುಕದಂತೆ ಹಿಡಿದುಕೊಂಡರು, ಕಾರ್ಯದರ್ಶಿಗಳು ಕರೆಯದಿದ್ದರೂ ಚಾಲಕನ ಪಕ್ಕದಲ್ಲಿ ಕೂತರು. ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಪತ್ರಿಕೆಯಿಂದ ತಲೆಯೆತ್ತಿ ನಕ್ಕ.

"ಏನಣ್ಣಾ ಅಂಟಣ್ಣ, ಭಾನುವಾರನೂ ಹಲ್ಲು ಮುರಿಯೋಕೆ ಬಂದ್ಯಾ?"

ಅಂಟಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಮಾವ ಕರ್ಚೀಫಿನ ಹಿಂದಿನಿಂದ ಕಾರ್ಯದರ್ಶಿಗಳಿಗೆ ಹೇಳಿದರು: "ಎಷ್ಟು ಸಲಿಗೆ ಕೊಟ್ಟಿದಾರೆ ನೋಡಿ ಕೆಳಗಿನೋರಿಗೆ. ದೊಡ್ಡತನ ಅಂದ್ರೆ ಇದು."

ನೆಲಮಾಳಿಗೆಯ ಕೋಣೆಯ ದೀಪ ಹಾಕಿದಾಗ ಕಾರ್ಯದರ್ಶಿಗಳು ಎರಡು ಹೆಜ್ಜೆ ಹಿಂದೆ ಸರಿದರು. ಗೋಡೆಯುದ್ದಕ್ಕೂ ಬಾಟಲಿ, ಬಾಟಲಿಯ ತುಂಬ ಹಲ್ಲು.

"ಇಷ್ಟನ್ನೂ... ನೀವೊಬ್ರೇ?"

"ಹ್ಞೂಂ. ಹದಿನಾಲ್ಕು ವರ್ಷದಿಂದ" ಎಂದ ಅಂಟಣ್ಣ.

"ಮಹಾನುಭಾವರು!" ಎಂದು ಕಾರ್ಯದರ್ಶಿಗಳು ತಮ್ಮ ದವಡೆಯನ್ನು ಕೈಯಿಂದ ಮುಚ್ಚಿಕೊಂಡು ತಾವಾಗಿಯೇ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಅತ್ತೆ ಲೋಟವನ್ನು ಮೇಜಿನ ಮೇಲಿಟ್ಟು ಅವರೂ ಹೊರಗೆ ಹೋದರು.

ಈಗ ಒಳಗೆ ಇಬ್ಬರೇ. ಮಾವ ಸ್ಟೂಲಿನ ಮೇಲೆ ಕೂತು, ಎದುರಿಗಿದ್ದ ಯಂತ್ರವನ್ನು ಭಕ್ತಿಯಿಂದ ನೋಡಿ, ಬಾಯಿ ತೆರೆದರು.

"ಮಾವ, ಮೊದಲು ಒಂದು ವಿಷಯ ಹೇಳಬೇಕು. ನಾನು..."

"ಮಾತು ಬೇಡ ಅಳಿಯಂದ್ರೇ. ಕೆಲಸ."

ಅಂಟಣ್ಣನ ಕೈ ಕೆಲಸಕ್ಕೆ ಹೋಯಿತು. ಬುದ್ಧಿ ಬೇಡ ಬೇಡ ಎನ್ನುತ್ತಿತ್ತು, ಕೈ ಮಾತ್ರ ಹದಿನಾಲ್ಕು ವರ್ಷದ ರೂಢಿಯಲ್ಲಿ ನಡೆಯಿತು. ತುಟಿಗೆ ಹತ್ತಿ ಒತ್ತಿದ. ನೀಲಿ ಜೆಲ್ಲನ್ನು ಮುರಿದ ಅಂಚಿಗೆ ಹಚ್ಚಿದ. ಪ್ಲಾಸ್ಟರಿನಲ್ಲಿ ನಿಂತ ಹಲ್ಲು ಅಲ್ಲಾಡುವುದಿಲ್ಲ, ಮಾವ ಅಲ್ಲಾಡಿದರು. ಹಾಗಾಗಿ ಪಕ್ಕದ ಹಲ್ಲಿಗೂ ಸ್ವಲ್ಪ ತಗುಲಿತು. ಗಡಿಯಾರ ನೋಡಿ ಅರ್ಧ ನಿಮಿಷ ಕಾದ. ಬಾಯಿ ಮುಕ್ಕಳಿಸಲು ಹೇಳಿ ಗಾಳಿಯಿಂದ ಒಣಗಿಸಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ.

ಪಕ್ಕದ ಹಲ್ಲಿನ ಅಂಚು ಸೀಮೆಸುಣ್ಣದಂತೆ ಬೆಳ್ಳಗಾಗಿತ್ತು. ಮುರಿದ ಹಲ್ಲು ಮಾತ್ರ ಹೊಸ ಚಹಾ ಬಸಿಯ ಹಾಗೆ ಫಳಫಳ ಹೊಳೆಯುತ್ತಿತ್ತು.

ಇನ್ನೊಮ್ಮೆ ಹಚ್ಚಿದ. ಇನ್ನೊಂದು ಅರ್ಧ ನಿಮಿಷ. ಮತ್ತೆ ಫಳಫಳ. ಏಳು ಸಾವಿರ ಹಲ್ಲಿನಲ್ಲಿ ಒಂದೂ ಹೀಗೆ ಮಾಡಿರಲಿಲ್ಲ. ಅಂಟಣ್ಣ ತಾನು ಯಾರು, ಎದುರಿಗೆ ಕೂತವರು ಯಾರು ಎಲ್ಲ ಮರೆತು, ಕೋಣೆಯಲ್ಲಿ ಹೇಳುವ ಗಟ್ಟಿ ದನಿಯಲ್ಲಿ ಹೇಳಿಬಿಟ್ಟ:

"ಇದು ಹಲ್ಲೇ ಅಲ್ಲ!"

ಮಾವ ಬಾಯಿ ಮುಚ್ಚಿದರು. ಬಾಗಿಲ ಕಡೆ ನೋಡಿದರು. "ಬಾಗಿಲ ಚಿಲಕ ಹಾಕಿ" ಎಂದರು ಮೆಲ್ಲಗೆ.

ಅಂಟಣ್ಣ ಚಿಲಕ ಹಾಕಿ ಬಂದ.

"ಹೇಗೆ ಗೊತ್ತಾಯ್ತು?"

"ನಿಜವಾದ ಎನಾಮಲ್ ಆದ್ರೆ ಬೆಳ್ಳಗಾಗುತ್ತೆ ಮಾವ. ಇದು ಪಿಂಗಾಣಿ. ಈ ಜೆಲ್ಲಿಗೆ ಬಗ್ಗಲ್ಲ, ಈ ಅಂಟೂ ಹಿಡಿಯಲ್ಲ."

ಮಾವ ಕುಗ್ಗಿಹೋದರು. "ಒಂಬತ್ತು ವರ್ಷ ಆಯ್ತು. ತಮ್ಮನ ಮನೇಲಿ ಬಚ್ಚಲಲ್ಲಿ ಜಾರಿಬಿದ್ದೆ. ಕಣ್ಣು ತೋರಿಸ್ಕೊಂಡು ಬರ್ತೀನಿ ಅಂತ ಹೋಗಿ ಇದನ್ನ ಹಾಕಿಸ್ಕೊಂಡು ಬಂದೆ. ನಿಮ್ಮತ್ತೆಗೂ ಹೇಳಿಲ್ಲ."

"ಮತ್ತೆ ಇದರಲ್ಲಿ ಬಾಟಲಿ ತೆಗೆಯೋಕೆ ಹೋದ್ರಲ್ಲ ಮಾವ?"

"ಎಲ್ಲಾ ಸ್ವಂತದ್ದು, ಎಲ್ಲಾ ಸ್ವಂತದ್ದು ಅಂತ ಹೇಳೀ ಹೇಳೀ ನನಗೇ ಮರೆತುಹೋಗಿತ್ತು ಅಳಿಯಂದ್ರೇ!"

ಆ ಮಾತು ಅಂಟಣ್ಣನ ಎದೆಗೆ ನೇರವಾಗಿ ನಾಟಿತು. ಅವನಿಗೂ ಎಷ್ಟೋ ಸಲ, ಬೀದಿಯಲ್ಲಿ ಯಾರಾದರೂ ಡಾಕ್ಟ್ರೇ ಎಂದಾಗ, ತಾನು ಅಲ್ಲ ಎಂಬುದು ಮರೆತುಹೋಗುತ್ತಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಸಿಗದು ಎಂದುಕೊಂಡು, "ಮಾವ, ನಾನೂ ಡಾಕ್ಟ್ರಲ್ಲ" ಎಂದ.

"ಏನು?"

"ಕಿತ್ತ ಹಲ್ಲಿಗೆ ಅಂಟು ಹಚ್ಚಿ, ಎಷ್ಟಕ್ಕೆ ಬಿಡುತ್ತೆ ಅಂತ ನೋಡಿ ಬರೆಯೋದು ನನ್ನ ಕೆಲಸ. ಬದುಕಿರೋರ ಬಾಯಿಗೆ ಕೈ ಹಾಕಿದ್ದು ಇವತ್ತೇ ಮೊದಲು."

ಮಾವ ತಮ್ಮ ದುಃಖವನ್ನೆಲ್ಲ ಮರೆತು ಸ್ಟೂಲಿನಿಂದ ಎದ್ದರು. "ಮತ್ತೆ ನನ್ನ ಬಾಯಿಗೆ ಹಾಕಿದ್ದೇನು?"

"ಆಸಿಡ್ಡು."

"ಆಸಿಡ್ಡಾ!" ಮಾವನ ದನಿ ಕೀರಲಾಯಿತು. "ಡಾಕ್ಟ್ರಲ್ಲದೋನು ನನ್ನ ಬಾಯಿಗೆ ಆಸಿಡ್ ಹಾಕಿದ್ಯಾ? ಎಷ್ಟೋ ಧೈರ್ಯ ನಿನಗೆ!"

ಹನ್ನೊಂದು ವರ್ಷದ 'ನೀವು' ಒಂದೇ ಏಟಿಗೆ 'ನೀನು' ಆಗಿಹೋಯಿತು. ಹೊರಗಿನಿಂದ ಕಾರ್ಯದರ್ಶಿಗಳು ಬಾಗಿಲು ತಟ್ಟಿ, "ತುಂಬಾ ನೋವಾಗ್ತಿದೆಯಾ?" ಎಂದು ಕೂಗಿದರು. "ಇಲ್ಲ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಮಾವ ಕೋಣೆಯಲ್ಲಿ ಎರಡು ಸುತ್ತು ಹಾಕಿದರು. ಬಾಟಲಿಗಳನ್ನು ನೋಡಿದರು, ಗಡಿಯಾರ ನೋಡಿದರು. ಲೋಕಾನುಭವ ಇದ್ದವರು. ಕೋಪ ಇಳಿಯುವ ಮುಂಚೆಯೇ ಲೆಕ್ಕಾಚಾರ ಶುರುವಾಯಿತು.

"ಸರಿ. ನಿನ್ನದು ನನಗೆ ಗೊತ್ತು, ನನ್ನದು ನಿನಗೆ ಗೊತ್ತು. ಇದನ್ನ ಹೇಗಾದ್ರೂ ಅಂಟಿಸು. ಸಾಯಂಕಾಲ ಸಹಿ ಹಾಕು. ನಾನು ಸಾಯೋವರೆಗೂ ನೀನು ಡಾಕ್ಟ್ರೇ."

"ಈ ಹಲ್ಲಿಗೆ ಹಿಡಿಯಲ್ಲ ಮಾವ. ಪಕ್ಕದ ಹಲ್ಲಿನ ಅಂಚು ಬೆಳ್ಳಗಾಗಿದೆಯಲ್ಲ, ಅಲ್ಲಿ ಒಂದು ಚುಕ್ಕೆ ಅಂಟು ಹಿಡಿಯುತ್ತೆ. ಚೂರನ್ನ ಅದಕ್ಕೆ ಒರಗಿಸಬಹುದು, ಅಷ್ಟೇ. ನಕ್ಕರೆ ಇರುತ್ತೆ. ಸೀನಿದ್ರೆ ಹೇಳೋಕಾಗಲ್ಲ. ಕೂಗಾಡಿದ್ರೆ ಹೋಯ್ತು. ನಾಳೆ ಬೆಳಿಗ್ಗೆ ಮೇಡಂ ಬರ್ತಾರೆ, ನಿಜವಾದ ಡಾಕ್ಟ್ರು, ಅವರ ಹತ್ತಿರ ಸರಿಯಾಗಿ ಮಾಡಿಸ್ಕೊಳ್ಳಿ."

"ಆಯ್ತು, ಅಂಟಿಸು. ಸಹಿ?"

ಅಂಟಣ್ಣ ಚೂರನ್ನು ಕೂರಿಸಿ, ನೀಲಿ ದೀಪ ಹಿಡಿದು ಮುಗಿಸಿದ. ಆಮೇಲೆ ಮೇಜಿನ ಮೇಲಿದ್ದ ಪುಸ್ತಕವನ್ನು ಮುಟ್ಟಿ ಹೇಳಿದ: "ಸಹಿ ಆಗಲ್ಲ ಮಾವ. ಇದರಲ್ಲಿ ಏಳು ಸಾವಿರ ಅಂಕಿ ಇದೆ, ಒಂದೂ ಸುಳ್ಳಲ್ಲ. ಮೇಡಂ ಇದನ್ನ ನೋಡಿ ಅಂಟು ಆರಿಸ್ತಾರೆ, ಅದನ್ನ ಯಾರದೋ ಮಗುವಿನ ಹಲ್ಲಿಗೆ ಹಚ್ತಾರೆ. ಬಾಯಿಮಾತಲ್ಲಿ ಡಾಕ್ಟ್ರು ಅನ್ನಿಸ್ಕೊಂಡೆ, ತಪ್ಪೇ. ಕಾಗದದ ಮೇಲೆ ಸುಳ್ಳು ಬರೆಯೋಕೆ ನನ್ನ ಕೈ ಏಳಲ್ಲ."

"ಹಾಗಾದ್ರೆ ಎಲ್ಲರ ಎದುರು ನಿನ್ನ ಬಣ್ಣ ಬಯಲಾಗುತ್ತೆ."

"ಆಗಲಿ" ಎಂದ ಅಂಟಣ್ಣ.

ಮಾವ ಚಿಲಕ ತೆಗೆದರು. ಹೊರಗೆ ಕಾರ್ಯದರ್ಶಿಗಳು "ಆಹಾ! ಗುರುತೇ ಸಿಗಲ್ಲ!" ಎಂದು ಕೈಕುಲುಕಿದರು. ಅತ್ತೆ ಗಂಡನ ಬಾಯನ್ನೂ ಅಳಿಯನ ಮುಖವನ್ನೂ ಒಂದೊಂದು ಸಲ ನೋಡಿ, ಲೋಟವನ್ನು ತೊಳೆದು ಚೀಲಕ್ಕೆ ಹಾಕಿಕೊಂಡರು. ಮನೆಗೆ ಬಂದಾಗ ಮಾವ ಅಂಟಣ್ಣನ ಮುಂದೆಯೇ ಹೋಗಿ, ಅವನಿಗೆ ಬಿಟ್ಟುಕೊಡುತ್ತಿದ್ದ ಕುರ್ಚಿಯಲ್ಲಿ ತಾವೇ ಕೂತು ಕಾಲು ಚಾಚಿದರು.

ನಾಲ್ಕು ಗಂಟೆಗೆ ಸಂಘದ ಹಾಲ್ ತುಂಬಿತ್ತು. ಮಡಚುವ ಕುರ್ಚಿಗಳು ಸಾಲದೆ ಹಿಂದೆ ಕೆಲವರು ಕಿಟಕಿಗೆ ಒರಗಿದ್ದರು. ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಹೊಳೆಯುವ ಕಪ್, ಕಪ್ಪಿನ ಪಕ್ಕದಲ್ಲಿ ಫಾರಂ. ಒಂದು ಕಡೆ ಮಾವ ತುಟಿ ಬಿಗಿದು ಗಂಭೀರವಾಗಿ ಕೂತಿದ್ದರು. ಇನ್ನೊಂದು ಕಡೆ ಎರಡನೇ ಸ್ಥಾನದ ಡ್ರಿಲ್ ಮೇಷ್ಟ್ರು, ಮೂವತ್ತು ಹಲ್ಲಿನವರು, ಕಪ್ಪನ್ನೇ ದುರುಗುಟ್ಟಿ ನೋಡುತ್ತಿದ್ದರು. ಕಾರ್ಯದರ್ಶಿಗಳು ಮೈಕಿನಲ್ಲಿ, "ಬೆಳಿಗ್ಗೆ ತಾನೇ ಒಂದು ಪವಾಡ ನೋಡಿ ಬಂದಿದೀನಿ" ಎಂದು ಶುರುಮಾಡಿ, ಹಲ್ಲು ಮುರಿದದ್ದು, ಅಂಟಿದ್ದು, ನೆಲಮಾಳಿಗೆಯಲ್ಲಿ ಡಾಕ್ಟರು ಕಿತ್ತಿಟ್ಟ ಹತ್ತು ಸಾವಿರ ಹಲ್ಲು ಎಲ್ಲವನ್ನೂ ಕಾಲು ಗಂಟೆ ಬಣ್ಣಿಸಿ, "ಈಗ ಡಾಕ್ಟ್ರು ಸಹಿ ಮಾಡ್ತಾರೆ" ಎಂದರು.

ಅಂಟಣ್ಣ ಮೆಟ್ಟಿಲು ಹತ್ತಿದ. ಪೆನ್ನು ತೆಗೆದ. ಮುಂದಿನ ಸಾಲಿನಲ್ಲಿ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅಂಟಣ್ಣ ಫಾರಮಿನ 'ಡಾ.' ಮೇಲೆ ಅಡ್ಡಗೆರೆ ಎಳೆದು, ಮೈಕಿಗೆ ಬಗ್ಗಿದ.

"ನಾನು ಡಾಕ್ಟ್ರಲ್ಲ. ಅಲ್ಲಿ ಹಲ್ಲಿಗೆ ಅಂಟು ಹಚ್ಚಿ ಮುರಿದು ನೋಡೋ ಕೆಲಸದೋನು. ನಾನು ಒಂದು ಹಲ್ಲೂ ಕಿತ್ತಿಲ್ಲ. ಹನ್ನೊಂದು ವರ್ಷದಿಂದ ಹೇಳಬೇಕು ಅಂತಿದ್ದೆ. ಕ್ಷಮಿಸಿ."

ಹಾಲ್ ಗೊಳ್ಳೆಂದಿತು. ಕೆಲವರು ನಕ್ಕರು, ಕೆಲವರು ಎದ್ದರು, ಹಿಂದಿನಿಂದ ಒಬ್ಬರು "ಏನಂತೆ?" ಎಂದು ನಾಲ್ಕು ಸಲ ಕೇಳಿದರು. ಕಾರ್ಯದರ್ಶಿಗಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ನನ್ನ ದವಡೆ ನೋವಿಗೆ ಬಿಸಿ ಉಪ್ಪುನೀರು ಮುಕ್ಕಳಿಸಿ ಅಂದಿದ್ಯಲ್ಲಯ್ಯಾ!"

"ಕಡಿಮೆ ಆಯ್ತಲ್ಲ ಸಾರ್?"

"ಆಯ್ತು! ಅದು ಬೇರೆ ಮಾತು! ಡಾಕ್ಟ್ರು ಅಂದ್ಕೊಂಡು ಮುಕ್ಕಳಿಸಿದ್ದು ನಾನು. ನೋಡಿದ್ರೆ ನೀನು ಹಲ್ಲು ಮುರಿಯೋ ಕೂಲಿ!"

ಮಾವ ಬೆಳಿಗ್ಗೆಯಿಂದ ಅಳಿಯನ ಮೇಲೆ ಉರಿಯುತ್ತಿದ್ದರು, ಸುಳ್ಳಲ್ಲ. ಆದರೆ ತಮ್ಮ ಅಳಿಯನನ್ನು ಬೈಯುವ ಹಕ್ಕು ತಮಗೊಬ್ಬರಿಗೇ ಎಂದು ತಿಳಿದವರು. ಅಲ್ಲದೆ ಅವನು ಆ ಗೆರೆ ಎಳೆದದ್ದನ್ನು ಅವರು ಹತ್ತಿರದಿಂದ ನೋಡಿದ್ದರು. ಕೂಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತುಟಿಯ ನೆನಪೂ ಇಲ್ಲದೆ, ಚುಕ್ಕೆ ಅಂಟಿನ ನೆನಪೂ ಇಲ್ಲದೆ, ಮೇಲೆದ್ದು ಗುಡುಗಿದರು:

"ಯಾರನ್ನೋ ಕೂಲಿ ಅಂದೆ!"

ಬಾಯಿಂದ ಮಾತಿನ ಜೊತೆಗೆ ಒಂದು ಬಿಳಿ ಚೂರು ಹಾರಿ, ಮೇಜು ದಾಟಿ, 'ಟಣ್' ಎಂದು ಕಪ್ಪಿನೊಳಗೇ ಬಿತ್ತು.

ಗದ್ದಲವೆಲ್ಲ ನಿಂತಿತು. ಕಾರ್ಯದರ್ಶಿಗಳು ಕಪ್ಪಿನೊಳಗೆ ಇಣುಕಿದರು. ಮಾವ ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಹೌದು, ಅದು ನಂದೇ. ಆದರೆ ಹಲ್ಲಲ್ಲ, ಪಿಂಗಾಣಿ. ಒಂಬತ್ತು ವರ್ಷದಿಂದ ನಿಮ್ಮ ಯಾರಿಗೂ ಗೊತ್ತಾಗಿಲ್ಲ, ನಮ್ಮ ಮನೆಯೋರಿಗೂ ಗೊತ್ತಾಗಿಲ್ಲ. ಈ ಕೂಲಿ ಅರ್ಧ ನಿಮಿಷದಲ್ಲಿ ಕಂಡುಹಿಡಿದ! ಆಸಿಡ್ ಹಚ್ಚಿದ್ರೆ ಸ್ವಂತ ಹಲ್ಲು ಬೆಳ್ಳಗಾಗುತ್ತೆ, ಸುಳ್ಳು ಹಲ್ಲು ಹೊಳೀತಾನೇ ಇರುತ್ತೆ. ಸಹಿ ಹಾಕು, ನಿನ್ನ ಗುಟ್ಟು ನಾನು ಮುಚ್ಚಿಡ್ತೀನಿ ಅಂತ ಇವನಿಗೆ ನಾನೇ ಹೇಳಿದ್ದೆ. ಹಾಕಲಿಲ್ಲ. ನಿಮ್ಮಲ್ಲಿ ಯಾರು ಹಾಕದೇ ಬಿಡ್ತಿದ್ರಿ, ಹೇಳಿ!"

ಅಂಟಣ್ಣ ಕಣ್ಣು ಒರೆಸಿಕೊಳ್ಳಲು ಕರ್ಚೀಫು ಹುಡುಕಿದ, ಸಿಕ್ಕಲಿಲ್ಲ. ಅದು ಬೆಳಿಗ್ಗೆಯಿಂದ ಮಾವನ ಜೇಬಿನಲ್ಲಿತ್ತು.

ಡ್ರಿಲ್ ಮೇಷ್ಟ್ರು ಗಂಟಲು ಸರಿಮಾಡಿ ಎದ್ದರು. "ಹಾಗಾದ್ರೆ ಕಪ್ ನನ್ನದಾಗಬೇಕಲ್ಲ?"

"ಆಗಬೇಕು. ಒಂದು ನಿಮಿಷ. ಏಯ್, ಆ ಜೆಲ್ ಜೇಬಲ್ಲಿದೆಯಾ?" ಎಂದರು ಮಾವ.

ಇತ್ತು. ಗಡಿಬಿಡಿಯಲ್ಲಿ ಕೋಣೆಯಿಂದ ಜೇಬಿಗೆ ಸೇರಿಬಿಟ್ಟಿತ್ತು. ಅಂಟಣ್ಣ ಆ ನೀಲಿ ಕೊಳವೆಯನ್ನು ಹೊರತೆಗೆದದ್ದೇ ಡ್ರಿಲ್ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದರು. "ನನಗೆ... ಮನೇಲಿ ಸ್ವಲ್ಪ ಕೆಲಸ ಇದೆ" ಎಂದು ವೇದಿಕೆಯ ಆ ಕಡೆಯ ಮೆಟ್ಟಿಲಿಳಿದು ನಡೆದರು. ಕಾರ್ಯದರ್ಶಿಗಳು ಮೂರನೇ ಸ್ಥಾನದವರನ್ನು ಕರೆದರು. ಅವರು ಕೂತಲ್ಲೇ ತಲೆಯಾಡಿಸಿದರು. ನಾಲ್ಕನೆಯವರ ಕುರ್ಚಿ ಖಾಲಿಯಾಗಿತ್ತು. ಐದನೆಯವರಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸದಾಯಿತು. ಹಾಲಿನಲ್ಲಿ ಅಷ್ಟೊಂದು ಹಿರಿಯರು ತುಟಿಗೆ ಬೀಗ ಹಾಕಿಕೊಂಡು ಕೂತದ್ದು ಆ ಸಂಘದ ಇತಿಹಾಸದಲ್ಲೇ ಅದು ಮೊದಲಂತೆ.

"ಹಾಗಾದ್ರೆ ಕಪ್ ಯಾರಿಗೆ ಕೊಡೋದು?" ಎಂದು ಕಾರ್ಯದರ್ಶಿಗಳು ತಲೆ ಕೆರೆದುಕೊಂಡರು.

ಮುಂದಿನ ಸಾಲಿನಿಂದ ಅತ್ತೆ ಎದ್ದರು. ಚೀಲವನ್ನು ಮಗಳ ತೊಡೆಯ ಮೇಲಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ, ಅಳಿಯನ ಎದುರು ಕುರ್ಚಿಯಲ್ಲಿ ಕೂತು ಬಾಯಿ ತೆರೆದರು.

"ಹಚ್ಚಪ್ಪ" ಎಂದರು.

ಅಂಟಣ್ಣ ಮುಂದಿನ ಹಲ್ಲಿಗೆ ಒಂದು ಚುಕ್ಕೆ ಹಚ್ಚಿದ. ಹಾಲ್ ಪೂರ್ತಿ ಒಂದೇ ದನಿಯಲ್ಲಿ ಮೂವತ್ತರವರೆಗೆ ಎಣಿಸಿತು. ಹೆಂಡತಿ ನೀರು ತಂದಳು, ಅತ್ತೆ ಮುಕ್ಕಳಿಸಿದರು. ಮಾವ ತಮ್ಮ ಜೇಬಿನಿಂದ ಕರ್ಚೀಫು ತೆಗೆದುಕೊಟ್ಟರು. ಒರೆಸಿ, ಗಾಳಿ ಬೀಸಿ ನೋಡಿದರೆ, ಸೀಮೆಸುಣ್ಣ. ಇನ್ನೊಂದಕ್ಕೆ ಹಚ್ಚಿದ, ಅದೂ ಸೀಮೆಸುಣ್ಣ. ಹಾಗೇ ಒಂದೊಂದಕ್ಕೂ ಹಚ್ಚುತ್ತಾ ಹೋದ, ಎಲ್ಲವೂ ಸೀಮೆಸುಣ್ಣ. ಕಾರ್ಯದರ್ಶಿಗಳು ಪೆನ್ನಿನ ತುದಿಯಲ್ಲಿ ತೋರಿಸುತ್ತಾ ಮೈಕಿನಲ್ಲಿ ಎಣಿಸಿದರು. ಕೆಳಗೆ ಹದಿನಾರು, ಮೇಲೆ ಹದಿನಾರು. ನಂಬದೆ ಇನ್ನೊಮ್ಮೆ ಎಣಿಸಿದರು. ಮೂವತ್ತೆರಡು.

ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ಕಾರ್ಯದರ್ಶಿಗಳು ಕಪ್ಪನ್ನು ಬೋರಲು ಹಾಕಿ ಪಿಂಗಾಣಿ ಚೂರನ್ನು ಮಾವನ ಕೈಗೆ ಕೊಟ್ಟು, ಖಾಲಿ ಕಪ್ಪನ್ನು ಅತ್ತೆಯ ಕೈಗೆ ಕೊಟ್ಟರು. ಫಾರಮಿನ ಮೇಲಿದ್ದ ಹೆಸರು ತಿದ್ದಿದರು. ಅಂಟಣ್ಣ ಅಡ್ಡಗೆರೆಯ ಪಕ್ಕದಲ್ಲಿ 'ಅಂಟು ಪರೀಕ್ಷಕ' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದ. ಅವನು ಇಳಿದುಬಂದಾಗ, ಮೊದಲೇ ಇಳಿದು ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದ ಮಾವ ಏಳಲಿಲ್ಲ. ಆದರೆ ಒಂದು ಕಡೆ ಸರಿದು, "ಬಾರೋ, ಇಲ್ಲಿ ಕೂತ್ಕೋ" ಎಂದು ತಮ್ಮ ಬೆಂಚಿನಲ್ಲೇ ಜಾಗ ಮಾಡಿದರು.

ಅತ್ತೆ ಕಪ್ ಹಿಡಿದು ಬಂದು ಆ ಕಡೆ ಕೂತರು. ಮಾವ ಹೆಂಡತಿಯ ಬಾಯನ್ನೇ, ಈಗಷ್ಟೇ ಮೊದಲ ಸಲ ನೋಡುವವರಂತೆ, ಬಹಳ ಹೊತ್ತು ನೋಡಿದರು.

"ಅಲ್ವೇ, ಮೂವತ್ತೆರಡಿದ್ರೂ ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ಲ ನೀನು?"

"ನೀವು ಬಾಯಿ ಮುಚ್ಚಿದ್ರೆ ತಾನೇ ನಾನು ಬಾಯಿ ತೆಗೆಯೋದು" ಎಂದರು ಅತ್ತೆ.